ಅಮ್ಮ ತೀರಿಕೊಂಡದ್ದು ಯಾವ ದೇಶದಲ್ಲಿ

ಎಲ್ಲದಕ್ಕೂ ಕಾರಣ ಒಂದು ತಟ್ಟೆ ಬನ್ನು.

ಆ ರಾತ್ರಿ ಹನ್ನೆರಡಕ್ಕೆ ಊರು ದೇಶ ಬದಲಿಸುವುದಿತ್ತು. ಹಳೆಯ ದೇಶ ಇಲ್ಲವಾಗಿ, ಕಾಲುವೆಯ ಈಚೆಗೊಂದು, ಆಚೆಗೊಂದು ಹೊಸ ದೇಶ. ಆ ಗಳಿಗೆಯಲ್ಲಿ ಯಾರು ಎಲ್ಲಿ ಉಸಿರಾಡುತ್ತಿರುತ್ತಾರೋ ಅವರು ಅಲ್ಲಿಯ ಪ್ರಜೆ. ಸಂಭ್ರಮಕ್ಕೆ ಬನ್ನು ಬೇಕೆಂದು ಬೇಕರಿಯವನಿಗೆ ಮೊದಲೇ ಹೇಳಿದ್ದರು. ಅವನು ಒಲೆಯ ಮುಂದೆ ಬೇಯುತ್ತಿದ್ದಾಗ ಹಿಂದಿನ ಕೋಣೆಯಿಂದ ಅಮ್ಮ ಕರೆದಳು.

"ಈ ತಟ್ಟೆ ಇಳಿಸಿ ಬಂದೆ ಅಮ್ಮಾ."

ಇಳಿಸಿ ಹೋಗುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಬೀದಿಯಲ್ಲಿ ಪಟಾಕಿ ಸಿಡಿದದ್ದು ಅದಕ್ಕೆ ಮೊದಲೋ ಆಮೇಲೋ, ಅವನಿಗೆ ಗೊತ್ತಾಗಲಿಲ್ಲ. ಉರಿಯುವ ಒಲೆಯ ಮುಂದೆ ನಿಂತವನಿಗೆ ಎಲ್ಲ ಸದ್ದೂ ಒಂದೇ.

ಬೆಳಗಾಗುತ್ತಲೇ ನೆರೆಹೊರೆ ಬಂದು ನೆರೆಯಿತು. ಆ ಬೀದಿಯಲ್ಲಿ ಯಾರೇ ಸತ್ತರೂ ಒಂದು ಪೈಪೋಟಿ ಇದ್ದದ್ದೇ. ಸತ್ತವರು ಕೊನೆಯ ಮಾತಾಡಿದ್ದು ತನ್ನ ಜೊತೆಗೆ ಎನ್ನಿಸಿಕೊಳ್ಳುವ ಆಸೆ ಎಲ್ಲರಿಗೂ.

"ಬೆಳಗಿನ ಜಾವ ನಾಲ್ಕಕ್ಕೆ ಹಾಲು ಹಾಕೋಕೆ ಬಂದಾಗ ಕಿಟಕೀಲಿ ಕೂತಿದ್ರಪ್ಪ. 'ಚಳಿ ಜಾಸ್ತಿ, ಮೈಗೆ ಏನಾದ್ರೂ ಹೊದ್ಕೊಳ್ಳೇ' ಅಂದ್ರು," ಎಂದು ಹಾಲಿನಕ್ಕ ಸೆರಗಿಗೆ ಕಣ್ಣೊತ್ತಿಕೊಂಡಳು.

ಪೇಪರಿನವನು ಬಿಡಲಿಲ್ಲ. "ನನಗೆ ಐದಕ್ಕೆ ಸಿಕ್ಕಿದ್ರು. ಹೊಸ ದೇಶದ್ದು ಏನು ಸುದ್ದಿ ಅಂತ ಕೇಳಿದ್ರು."

ವಕೀಲರ ಹತ್ತಿರ ಬಹುಕಾಲ ಗುಮಾಸ್ತಿಕೆ ಮಾಡಿ ನಿವೃತ್ತರಾದ ಎದುರುಮನೆಯ ಗುಮಾಸ್ತರು ಎಲ್ಲರಿಗಿಂತ ಮುಂದೆ ಹೋದರು. ಆರು ಗಂಟೆಗೆ, ಅವರು ವಾಕಿಂಗ್ ಹೊರಟಾಗ, ಅಮ್ಮ ತಲೆಯ ಮೇಲೆ ಕೈಯಿಟ್ಟು ಹರಸಿದ್ದಳಂತೆ.

ಬೇಕರಿಯವನು ಯಾರನ್ನೂ ತಡೆಯಲಿಲ್ಲ. ಕೇಳುತ್ತ ಕೂತರೆ ಅಮ್ಮ ಇನ್ನೂ ಸ್ವಲ್ಪ ಹೊತ್ತು ಬದುಕಿದ್ದ ಹಾಗೆ ಅನ್ನಿಸುತ್ತಿತ್ತು.

ಅಪ್ಪನ ಗೋರಿ ಕಾಲುವೆಯ ಆಚೆ. ಪಕ್ಕದ ಜಾಗವನ್ನು ಅಮ್ಮ ತನಗೆಂದೇ ಬಿಡಿಸಿಟ್ಟುಕೊಂಡಿದ್ದಳು. "ನನ್ನನ್ನು ಅವರ ಎಡಕ್ಕೆ ಮಲಗಿಸು, ಬಲಗಿವಿ ಅವರಿಗೆ ಕೇಳಿಸ್ತಿರಲಿಲ್ಲ," ಎಂದು ಹೇಳಿ ಹೇಳಿ ಮಗನ ತಲೆ ತಿಂದಿದ್ದಳು. ಬ್ರೆಡ್ಡಿನ ವ್ಯಾನಿನಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟ. ಸಾಕ್ಷಿಗೆ ಇರಲಿ ಎಂದು ಮೂವರೂ ಹಿಂದೆ ಹತ್ತಿದರು. ಕೇಳಿದವರು ಯಾರೂ ಇಲ್ಲ.

ಸೇತುವೆಯ ಮೇಲೆ ಹೊಸ ಗೇಟು. ಬಣ್ಣ ಒಣಗಿರಲಿಲ್ಲ. ಅಧಿಕಾರಿಯ ಸಮವಸ್ತ್ರದ ಇಸ್ತ್ರಿ ಬನ್ನು ಕತ್ತರಿಸುವಷ್ಟು ಹರಿತವಾಗಿತ್ತು.

"ಯಾವಾಗ ತೀರ್ಕೊಂಡ್ರು?"

"ನಾಲ್ಕಕ್ಕೆ ಮಾತಾಡಿದ್ರು." "ಐದಕ್ಕೆ." "ಆರಕ್ಕೆ ಆಶೀರ್ವಾದ ಮಾಡಿದ್ರು ಸ್ವಾಮೀ."

ಅಧಿಕಾರಿ ಟೋಪಿ ತೆಗೆದ. "ಹಾಗಾದ್ರೆ ಅವರು ನಮ್ಮ ಪ್ರಜೆ. ತೀರಿಕೊಂಡ ಮೊದಲನೆಯ ಪ್ರಜೆ. ನಮ್ಮ ಪ್ರಜೇನ ಪರದೇಶದಲ್ಲಿ ಹೂಳೋದಕ್ಕೆ ಆಚೆಯವರು ಒಪ್ಪಲ್ಲ."

ಗುಮಾಸ್ತರು ಬೇಕರಿಯವನ ಕಿವಿಯಲ್ಲಿ ಪಿಸುಗುಟ್ಟಿದರು. "ಹನ್ನೆರಡಕ್ಕೆ ಮುಂಚೆ ಹೋದವರು ಹಳೇ ದೇಶದವರು ಕಣೋ. ಅವರನ್ನ ಯಾವ ದಡದಲ್ಲಾದ್ರೂ ಮಣ್ಣು ಮಾಡಬಹುದು ಅಂತ ಒಪ್ಪಂದದಲ್ಲೇ ಇದೆ."

"ಮತ್ತೆ ಆರು ಗಂಟೆ ಆಶೀರ್ವಾದ?"

"ಅದು... ನಾನು ಅವರ ಮೇಲಿನ ಗೌರವಕ್ಕೆ ಹೇಳಿದ್ದು."

ಬೇಕರಿಯವನು ವ್ಯಾನಿನ ಬಾಗಿಲು ಹಿಡಿದು ನಿಂತ. ಅಮ್ಮ ಯಾವಾಗ ಹೋದಳೆಂದು ತನಗೇ ತಿಳಿಯದು ಎಂದು ಹೇಳಿದರೆ, ಅವಳು ಒಂಟಿಯಾಗಿ ಹೋದಳೆಂದು ಊರ ಮುಂದೆ ಒಪ್ಪಿಕೊಂಡ ಹಾಗೆ. ಅಧಿಕಾರಿಯತ್ತ ತಿರುಗಿ ಎದೆಯ ಮೇಲೆ ಕೈಯಿಟ್ಟ.

"ಇವರೆಲ್ಲ ಪ್ರೀತಿಗೆ ಹೇಳ್ತಿದ್ದಾರೆ ಸಾರ್. ಅಮ್ಮ ಹನ್ನೆರಡಕ್ಕೆ ಮೊದಲೇ ಹೋದಳು. ನಾನು ಪಕ್ಕದಲ್ಲೇ ಇದ್ದೆ. ಅವಳ ಕೈ ಹಿಡ್ಕೊಂಡಿದ್ದೆ. ಪ್ರಮಾಣ ಮಾಡಿ ಹೇಳ್ತೀನಿ."

ಹೇಳುತ್ತ ಹೇಳುತ್ತ ಅವನಿಗೆ ಅದು ನಿಜವೇ ಅನ್ನಿಸಿತು. ಹಾಲಿನಕ್ಕ ಮುಖ ತಿರುಗಿಸಿಕೊಂಡಳು. ಅಧಿಕಾರಿಗೂ ಮನಸ್ಸು ಕರಗಿದಂತೆ ಕಂಡಿತು. ಪ್ರಮಾಣವನ್ನು ಬರೆದುಕೊಂಡು, ಗೇಟಿನ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ.

"ಹಳೇ ದೇಶದ ಸಾವು. ಅಂದ್ರೆ ಹಳೇ ದೇಶದ ಕಚೇರಿ ದಾಖಲು ಮಾಡಿರಬೇಕು."

"ಆ ಕಚೇರಿ ಎಲ್ಲಿದೆ ಸಾರ್?"

"ಎಲ್ಲೂ ಇಲ್ಲ. ಆ ದೇಶಾನೇ ಹೋಯ್ತಲ್ಲ." ಅಧಿಕಾರಿ ಹಣೆ ಉಜ್ಜಿಕೊಂಡ. ಈ ಕಾನೂನನ್ನು ಅವನೂ ನಿನ್ನೆ ಮೊನ್ನೆ ಕಲಿತವನು. "ಅವರ ಸಾವನ್ನ ಬರೆದುಕೊಳ್ಳಬಹುದಾದ ಸರ್ಕಾರ ಈಗಿಲ್ಲ. ಸಾವು ದಾಖಲಾಗದವರೆಲ್ಲ ಹನ್ನೆರಡು ಗಂಟೆಗೆ ಬದುಕಿದ್ರು ಅಂತಲೇ ನಮ್ಮ ಲೆಕ್ಕ. ಅಂದ್ರೆ ನಿಮ್ಮ ತಾಯಿ ಈಗ..."

"ಈಗ?"

"ಜೀವಂತ ಇದ್ದಾರೆ. ನಮ್ಮ ಪ್ರಜೆಯಾಗಿ."

"ಹಾಗಾದ್ರೆ ಇವರು ಹೇಳಿದ ನಾಲ್ಕು ಗಂಟೇನೇ ಬರ್ಕೊಳ್ಳಿ ಸಾರ್. ಈ ದಡದಲ್ಲಾದ್ರೂ ಮಣ್ಣು ಮಾಡ್ತೀನಿ."

"ಮಗ ಪ್ರಮಾಣ ಮಾಡಿ ಆಯ್ತಲ್ಲ. ಇನ್ನು ಅವರ ಮಾತು ನಡೆಯಲ್ಲ." ಅಧಿಕಾರಿ ದನಿ ತಗ್ಗಿಸಿದ. "ನಾಳೆ ಬೆಳಿಗ್ಗೆ ನಮ್ಮ ಹೊಸ ಕಚೇರಿ ತೆರೀತದೆ. ಆಗ ತೀರ್ಕೊಳ್ಳಲಿ. ನಾನೇ ಬಂದು ಬರೆಸಿಕೊಡ್ತೀನಿ. ಅಲ್ಲಿವರೆಗೂ ಜೀವಂತ ಇರೋರನ್ನ ಹೂತ್ರೆ ಅಪರಾಧ ಆಗ್ತದಪ್ಪ."

ಸೇತುವೆಯ ಆಚೆ ಸ್ಮಶಾನದ ಮರಗಳು ಕಾಣುತ್ತಿದ್ದವು. ಬೇಕರಿಯವನು ಅವನ್ನು ನೋಡುತ್ತಲೇ ವ್ಯಾನನ್ನು ಹಿಂದಕ್ಕೆ ತಿರುಗಿಸಿದ.

ಅಮ್ಮನನ್ನು ಮತ್ತೆ ಅವಳ ಮಂಚದ ಮೇಲೆ ಮಲಗಿಸಿದರು. ಅವನು ದಿಂಬು ಸರಿಮಾಡಿ, ಹೊದಿಕೆಯನ್ನು ಎದೆಯವರೆಗೆ ಎಳೆದ. ಪೇಪರಿನವನು ಮೆಲ್ಲಗೆ ಜಾರಿಕೊಂಡ. ಗುಮಾಸ್ತರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಹಾಲಿನಕ್ಕ ಮಾತ್ರ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು.

"ನಾಲ್ಕು ಗಂಟೇದು ಸುಳ್ಳಪ್ಪ," ಎಂದಳು ಕೊನೆಗೆ. "ಹಾಲು ನೀರಾಗಿದೆ ಅಂದ್ರು ಅಂತ ನಾನು ಅವರ ಹತ್ರ ಮಾತು ಬಿಟ್ಟು ಬಹಳ ದಿನ ಆಗಿತ್ತು."

ಬೇಕರಿಯವನು ಕುರ್ಚಿಯೊಂದನ್ನು ಮಂಚದ ಹತ್ತಿರಕ್ಕೆ ಎಳೆದು ಅವಳಿಗೆ ಕೊಟ್ಟ. ತಾನು ನೆಲದ ಮೇಲೆ ಕೂತು, ಹೊದಿಕೆಯೊಳಗೆ ಕೈ ತೂರಿಸಿ ಅಮ್ಮನ ಕೈ ಹಿಡಿದುಕೊಂಡ.

"ಈಗ ಮಾತಾಡಿ ಅಕ್ಕ," ಎಂದ. "ನಾಳೆ ಬೆಳಿಗ್ಗೆವರೆಗೂ ಇರ್ತಾಳಂತೆ."