ಹೀರೋನ ಮನೆಯಲ್ಲಿರುವ ಆ ಇನ್ನೊಬ್ಬ

ಮುಂಬಯಿಯ ವಿಕ್ರೋಳಿಯಲ್ಲಿರುವ ನಮ್ಮ ಆಫೀಸಿನಲ್ಲಿ ಲೋಕ ಮುಳುಗುವುದು ದೊಡ್ಡ ಸುದ್ದಿಯೇ ಅಲ್ಲ. ತಿಂಗಳಿಗೊಮ್ಮೆ ಮುಳುಗುತ್ತದೆ, ನೀಲಿ ಅಂಗಿಯವನೊಬ್ಬ ಹಾರಿ ಬಂದು ಎತ್ತುತ್ತಾನೆ. ಹೊರದೇಶದ ಸೂಪರ್‌ಹೀರೋ ಕಾಮಿಕ್ಸ್‌ಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಆದರೆ ಅದೇ ನೀಲಿ ಅಂಗಿಯವನು ಮನೆಗೆ ಬಂದು ಇನ್ನೊಬ್ಬ ಗಂಡಸಿನ ಕೈ ಹಿಡಿದನೋ, ನಮ್ಮಲ್ಲಿ ಮೀಟಿಂಗ್ ಶುರು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಎದ್ದಿರುತ್ತದೆ.

ನಾವು ಇರುವುದೇ ಮೂವರು. ಯಜಮಾನರು ಉಡುಪಿ ಕಡೆಯವರು, ಅಪ್ಪನ ಹೋಟೆಲ್ ಬಿಟ್ಟು ಪುಸ್ತಕಕ್ಕೆ ಇಳಿದವರು. ಚಿತ್ರಕಾರ ವಿಜಯಪುರದವನು. ದಹಿಸರ್‌ನಲ್ಲಿ ತನ್ನ ಗೆಳೆಯನ ಜೊತೆ ಸಂಸಾರ ಹೂಡಿದ್ದಾನೆ, ಅದು ಯಜಮಾನರಿಗೂ ನನಗೂ ಗೊತ್ತು. ಮೂರನೆಯವಳು ನಾನು, ಧಾರವಾಡದವಳು.

ನೆಂಟಸ್ತಿಕೆ

ಮೊದಲ ಸಂಚಿಕೆಯಲ್ಲಿ ನೀಲಿ ಅಂಗಿಯವನು ದಣಿದು ಮನೆಗೆ ಬರುತ್ತಾನೆ. ಬಾಗಿಲು ತೆಗೆಯುವವನು ಅವನ ಬಾಯ್‌ಫ್ರೆಂಡ್, ಕೆಲಸದಲ್ಲಿ ಡಾಕ್ಟರ್. ಹೀರೋನ ಬಾಯಲ್ಲಿ ನಾನು "ನನ್ನ ಸಂಗಾತಿ" ಎಂದು ಬರೆದಿದ್ದೆ.

"ಸಂಗಾತಿ ಬೇಡ ಮೇಡಂ," ಅಂದರು ಯಜಮಾನರು. "ಮನೆಮಂದಿ ಓದುವ ಪುಸ್ತಕ. ತಮ್ಮ ಅಂತ ಹಾಕಿ."

"ಒಬ್ಬಾಂವ ಬೆಳ್ಳಗ, ಒಬ್ಬಾಂವ ಕರ್ರಗ ಅದಾನಲ್ರೀ?"

"ನಾನೂ ನನ್ನ ತಮ್ಮನೂ ಹಾಗೇ ಇದ್ದೇವೆ ಮಾರಾಯ್ರೆ."

ತಮ್ಮ ಎಂದೇ ಅಚ್ಚಾಯಿತು. ಕೆಲವು ತಿಂಗಳ ಮೇಲೆ ಹೊಸ ಸಂಚಿಕೆಯ ಪುಟಗಳು ಬಂದವು. ತೆರೆದು ನೋಡಿದರೆ ಅಣ್ಣ ತಮ್ಮ ಇಬ್ಬರೂ ಸೂಟು ಹಾಕಿಕೊಂಡು, ಹೂವಿನ ಚಪ್ಪರದ ಕೆಳಗೆ ಉಂಗುರ ಬದಲಾಯಿಸಿಕೊಳ್ಳುತ್ತಿದ್ದಾರೆ. ನಡುವಿನ ಹಾಳೆಯ ತುಂಬ ಮುತ್ತು.

ಯಜಮಾನರು ಕುರ್ಚಿಯಲ್ಲಿ ಕುಸಿದರು. "ಎಂತದು ಮೇಡಂ ಇದು? ಸ್ವಂತ ತಮ್ಮನ ಜೊತೆ!"

"ತಮ್ಮ ಅಂತ ಹಾಕಿಸಿದವರು ನೀವ."

ಮೊದಲು ತಪ್ಪಾಗಿತ್ತು, ಇವನು ಸಂಗಾತಿ ಎಂದು ಈಗ ಬರೆದುಬಿಡೋಣ ಅಂದೆ. ಒಪ್ಪಲಿಲ್ಲ. ಅಚ್ಚಾದದ್ದನ್ನು ತಪ್ಪು ಅನ್ನುವುದು ಅವರ ಜಾಯಮಾನವಲ್ಲ. ಪುಟಗಳನ್ನು ಮತ್ತೆ ಮೊದಲಿಂದ ತಿರುವಿದರು. ಆಮೇಲೆ ಮುಖ ಅರಳಿತು.

"ತಮ್ಮ ಅಂದರೆ ಒಡಹುಟ್ಟಿದವನೇ ಆಗಬೇಕೂಂತ ಉಂಟಾ? ಸೋದರಮಾವನ ಮಗ ಅಂತ ಹಾಕಿ. ಆಗ ನಮ್ಮ ಕಡೆ ಸಂಬಂಧ ಆಗ್ತದೆ."

ಸತ್ತವರು

ಮದುವೆಯ ಸಂಚಿಕೆಗೆ ಓದುಗರು ಯಾರೂ ಬೈಯಲಿಲ್ಲ. ಒಬ್ಬರು ಮಾತ್ರ ಫೋನ್ ಮಾಡಿ, ಊಟದ ಚಿತ್ರ ಯಾಕೆ ಹಾಕಲಿಲ್ಲ ಎಂದು ಕೇಳಿದರು. ಯಜಮಾನರಿಗೆ ಧೈರ್ಯ ಬಂತು. ಡಾಕ್ಟರ್ ಮೇಲಂತೂ ಮನೆಯ ಅಳಿಯನಷ್ಟು ಅಕ್ಕರೆ ಬೆಳೆಯಿತು.

ಚಿತ್ರಕಾರನ ಮುಖ ಮಾತ್ರ ಸಪ್ಪಗಿತ್ತು. "ಅಕ್ಕಾ, ಇಬ್ರೂ ಭಾಳ ಖುಷಿಲೆ ಅದಾರ. ಡಾಕ್ಟರ್ ಇನ್ನ ಉಳಿಯಂಗಿಲ್ಲ."

"ಕೆಟ್ಟ ಮಾತು ಆಡಬ್ಯಾಡೋ."

"ಸಣ್ಣಾವ ಇದ್ದಾಗಿಂದ ಓದೇನಿ. ಮೊದಲ ನಮ್ಮಂಥವರು ವಿಲನ್ ಇರ್ತಿದ್ವಿ. ಉಗುರ ತೀಡಕೋತ, ಬೆಕ್ಕಿನ ಮೈ ಸವರಕೋತ ಕೂಡ್ತಿದ್ವಿ. ಈಗ ಒಳ್ಳೇವ್ರ ಆಗೇವಿ. ಅದಕ್ಕ ಲಗೂನ ಸಾಯಸ್ತಾರ."

ಅವನು ಹೇಳಿದಂತೆಯೇ ಆಯಿತು. ಮುಂದಿನ ಸಂಚಿಕೆಯಲ್ಲಿ ವಿಲನ್ ಡಾಕ್ಟರನ್ನು ಗೋಪುರದಿಂದ ತಳ್ಳಿದ. ನೀಲಿ ಅಂಗಿಯವನು ಹೆಣ ಎತ್ತಿಕೊಂಡು ಮಳೆಯಲ್ಲಿ ನಿಂತು ಕೂಗಿದ.

"ಅಷ್ಟು ಕಷ್ಟಪಟ್ಟು ಮದುವೆ ಮಾಡಿಸಿದ್ದು ಇದಕ್ಕಾ?" ಎಂದು ಯಜಮಾನರು ಆ ಹೊರದೇಶದ ಕಂಪನಿಗೇ ಮೇಲ್ ಹಾಕಿದರು. ಹೀರೋಗೆ ಸಿಟ್ಟು ಬರಬೇಕಾದರೆ ಡಾಕ್ಟರ್ ಸಾಯುವುದು ಅನಿವಾರ್ಯ ಎಂದು ಉತ್ತರ ಬಂತು. ಓದಿದವರೇ ನನ್ನ ಮೇಜಿಗೆ ಬಂದರು.

"ಈ ಹೀರೋ ಎಷ್ಟು ಸಲ ಸತ್ತು ಎದ್ದು ಬಂದ! ವಿಲನ್ ಸತ್ತ, ಬಂದ. ಹೋದ ವರ್ಷ ಹೀರೋನ ನಾಯಿ ಸತ್ತಿತ್ತು, ಅದೂ ಬಾಲ ಅಲ್ಲಾಡಿಸ್ತಾ ಬಂತು. ಡಾಕ್ಟರಿಗೆ ಮಾತ್ರ ಎಂತ ದೊಡ್ಡ ರೋಗ ಮೇಡಂ?"

ಸಂತ

ಆ ಸಿಟ್ಟಿನಲ್ಲೇ ಯಜಮಾನರು ನಮ್ಮದೇ ಹೀರೋ ಒಬ್ಬನನ್ನು ಮಾಡಲು ಹೊರಟರು. ಅವನು ಮುಂಬಯಿಯ ಮೇಲೆ ಹಾರುತ್ತಾನೆ, ಮನೆಯಲ್ಲಿ ಅವನಿಗೊಬ್ಬ ಸಂಗಾತಿ ಇದ್ದಾನೆ, ಆ ಸಂಗಾತಿ ಸಾಯುವುದಿಲ್ಲ. ಈ ಸಲ ಸಂಗಾತಿ ಎಂಬ ಮಾತನ್ನು ಅವರೇ ಹೇಳಿದರು. ಆದರೆ ಯಾರೂ ಬೆರಳು ತೋರಿಸಬಾರದು ಎಂದು ನಾನು ಆ ಸಂಗಾತಿಯನ್ನು ಬಹಳ ಒಳ್ಳೆಯವನನ್ನಾಗಿ ಬರೆದೆ. ಲೋಕಲ್ ರೈಲಿನಲ್ಲಿ ಮುದುಕರಿಗೆ ಸೀಟು ಬಿಡುತ್ತಾನೆ. ಪಾರಿವಾಳಕ್ಕೆ ಕಾಳು ಹಾಕುತ್ತಾನೆ. ಯಾವಾಗ ನೋಡಿದರೂ ನಗುತ್ತಾನೆ.

ಚಿತ್ರಕಾರ ಪೆನ್ಸಿಲ್ ಕೆಳಗಿಟ್ಟ. "ಇಂವಾ ಗೇ ಅಲ್ಲ ಅಕ್ಕಾ, ಸಂತ. ಇಂಥಾವನ ಜೋಡಿ ಒಂದ ವಾರ ಬಾಳೇ ಮಾಡಾಕ ಆಗಂಗಿಲ್ಲ. ಒಮ್ಮೆರ ಜಗಳಾ ಆಡಲಿ."

"ನೀವಿಬ್ಬರೂ ಯಾತಕ್ಕ ಜಗಳಾ ಆಡ್ತೀರಿ?"

"ಫ್ಯಾನಿಗೆ. ನಾ ಜೋರ್ ಇಡ್ತೀನಿ, ಅಂವಾ ಎದ್ದು ಸಣ್ಣ ಮಾಡ್ತಾನ."

ಅದನ್ನೇ ಹಾಕಿದೆವು. ಲೋಕ ಉಳಿಸಿ ಬಂದ ಹೀರೋ ಬೆವರುತ್ತ ಮಲಗಿದ್ದಾನೆ, ಸಂಗಾತಿ ಚಾದರ ಹೊದ್ದು ಸ್ವಿಚ್ಚಿನ ಮುಂದೆ ಕಾವಲು ನಿಂತಿದ್ದಾನೆ. ಯಜಮಾನರು ಬಾಗಿಲು ಹಾಕಿಕೊಂಡು ಓದಿದರು. ಸ್ವಲ್ಪ ಹೊತ್ತಿಗೆ ನನ್ನನ್ನು ಒಳಗೆ ಕರೆದರು.

"ನಿಜ ಹೇಳಿ ಮೇಡಂ. ನನ್ನ ಹೆಂಡತಿ ನಿಮಗೆ ಫೋನ್ ಮಾಡಿದ್ದಳಾ?"

ಅವ್ವ

ಚಿತ್ರಕಾರನ ತಾಯಿ ಮುಲುಂಡ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ದಹಿಸರ್‌ನಲ್ಲಿ ಮಗನ ಜೊತೆ ಇರುವವನು ರೂಮ್ ಪಾರ್ಟ್ನರ್ ಎಂದೇ ಅವರಿಗೆ ಹೇಳಿದ್ದ. ನಿಜ ಹೇಳಬೇಕೆಂದು ಎಷ್ಟೋ ಸಲ ಹೋಗಿ, ಚಹಾ ಕುಡಿದು ವಾಪಸ್ ಬಂದಿದ್ದ. ಕೊನೆಗೆ ನಮ್ಮ ಹೀರೋನ ಪುಸ್ತಕವನ್ನೇ ಅವರ ಕೈಗಿಟ್ಟು, ಭಾನುವಾರ ಊಟಕ್ಕೆ ಬಾ ಎಂದು ಕರೆದ. ನನ್ನನ್ನೂ ಕರೆದಿದ್ದ.

"ಅವ್ವ ಸಿಟ್ಟಾಗಿ ಎದ್ದು ಹೋದ್ರ ನೀವೂ ಹಿಂದ ಹೋಗ್ರಿ ಅಕ್ಕಾ. ಒಬ್ಬಾಕಿನ್ನ ಬಿಡಬ್ಯಾಡ್ರಿ," ಅಂದ.

ತಾಯಿ ಬಂದರು. ಚೀಲದಿಂದ ಪುಸ್ತಕ ತೆಗೆದು ತಟ್ಟೆಯ ಪಕ್ಕ ಇಟ್ಟರು. "ಓದಿದೆ. ಇದು ನಿಂದ ಕಥಿ ಏನು?"

"ಹೂಂ ಅವ್ವಾ."

"ಹಾರೂದೊಂದ ಬಿಟ್ಟು?"

"ಹಾರೂದೊಂದ ಬಿಟ್ಟು."

ಅವನ ಗೆಳೆಯ ಮಂಗಳೂರಿನವನು, ಬ್ಯಾಂಕಿನಲ್ಲಿದ್ದಾನೆ. ಅನ್ನ ಬಡಿಸುತ್ತಿದ್ದವನು ಚಮಚ ಎತ್ತಿಕೊಂಡು ಹಾಗೇ ನಿಂತಿದ್ದ. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನನಗ ಅನಮಾನ ಇತ್ತು. ರೂಮ್ ಪಾರ್ಟ್ನರ್‌ಗೆ ಯಾರ ಪ್ರತಿ ಹಬ್ಬಕ್ಕೂ ಅಂಗಿ ಹೊಲಸ್ತಾರ? ಹೆತ್ತಾಕಿಗೆ ಒಂದ ಮಾತು ಹೇಳಾಕ ಮುಂಬಯಿ ಮ್ಯಾಲೆ ಹಾರಬೇಕಾತೇನೋ ನಿನಗ?"

ಚಿತ್ರಕಾರ ಅಳುತ್ತ ನಗುತ್ತ ಕೂತುಬಿಟ್ಟ. ತಾಯಿ ಅಲ್ಲಿಗೇ ನಿಲ್ಲಿಸಲಿಲ್ಲ.

"ಆದ್ರ ಒಂದು ಮನಸಿಗೆ ಬರಲಿಲ್ಲ. ಹೀರೋ ಅನ್ನಾಂವ ಹಾರಕೋತ ಹೊರಗ ಹೋಕ್ಕಾನ. ಮನಿ ಕೆಲಸ ಎಲ್ಲಾ ಆ ಇನ್ನೊಬ್ಬಾಂವ ಮಾಡ್ತಾನ." ಗೆಳೆಯನ ಕಡೆ ತಿರುಗಿದರು. "ಇಲ್ಲೂ ಹಂಗ ಏನಪಾ?"

ಗೆಳೆಯ ಚಮಚ ಕೆಳಗಿಟ್ಟ. "ಹೌದಮ್ಮ. ತಾನು ಉಂಡ ಡಬ್ಬಿಯನ್ನೂ ತೊಳೆಯೂದಿಲ್ಲ. ಶುಕ್ರವಾರದ್ದು ಇನ್ನೂ ಬ್ಯಾಗಿನಲ್ಲೇ ಉಂಟು."

"ಏಳು!" ಅಂದರು ತಾಯಿ. "ಲೋಕಾ ಉಳಸಾಂವ ಅಂತ! ಡಬ್ಬಿ ತೊಳಿ ಮೊದಲ!"

ಚಿತ್ರಕಾರ ಎದ್ದು ಬ್ಯಾಗ್ ಹಿಡಿದು ಅಡಿಗೆಮನೆಗೆ ಹೋದ. ತಾಯಿ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ತಂದ ಹೋಳಿಗೆಯನ್ನು ಅವನ ತಟ್ಟೆಗೆ ಹಾಕಿ, ಮೇಲೆ ತುಪ್ಪ ಸುರಿದರು. ಒಳಗಿನಿಂದ ನಲ್ಲಿಯ ಸದ್ದು ಕೇಳುತ್ತಿತ್ತು.

ಗೆಳೆಯ ನನ್ನ ಕಡೆ ಬಾಗಿ ಮೆಲ್ಲಗೆ ಅಂದ: "ಇವರಿಗೆ ಹೇಳಲಿಕ್ಕೆ ಇಷ್ಟು ವರ್ಷ ಹೆದರಿ ಸತ್ತೆವು ಅಕ್ಕ. ಶುರುವಿಗೇ ಹೇಳಿದ್ದರೆ ನನಗೆ ಎಷ್ಟು ಡಬ್ಬಿ ತೊಳೆಯೂದು ಉಳೀತಿತ್ತು!"