ಮಗಳ ಹಿಂದೆ ಓಡಿದ ಚಳಿಗಾಲ

ಓಡುವುದು ಒಳ್ಳೆಯ ಅಭ್ಯಾಸವೆಂದು ಹೇಳುವವರೆಲ್ಲ ಬಯಲುಸೀಮೆಯವರೇ ಇರಬೇಕು ಎಂಬುದು ನನ್ನ ಬಹುಕಾಲದ ಅನುಮಾನ. ಅವರ ಊರಿನಲ್ಲಿ ರಸ್ತೆ ಹಾಯಾಗಿ ಮಲಗಿರುತ್ತದೆ. ಮನಸ್ಸು ಬಂದಾಗ ಓಡಬಹುದು, ಸಾಕಾದಾಗ ನಿಲ್ಲಬಹುದು. ನಮ್ಮ ನೀಲಗಿರಿಯಲ್ಲಿ ರಸ್ತೆ ಏರುತ್ತಿರುತ್ತದೆ, ಇಲ್ಲವೇ ಇಳಿಯುತ್ತಿರುತ್ತದೆ. ಏರುವಾಗ ಓಡಿದರೆ ಎದೆ ಹೋಗುತ್ತದೆ, ಇಳಿಯುವಾಗ ಓಡಿದರೆ ಮಂಡಿ ಹೋಗುತ್ತದೆ. ಹೀಗಾಗಿ ಇತ್ತಲಾರಿನ ಕಡೆಯ ಹಟ್ಟಿಯಲ್ಲಿ ಹುಟ್ಟಿ, ಅದೇ ಹಟ್ಟಿಯ ಕೆಳಗಿನ ಟೀ ಫ್ಯಾಕ್ಟರಿಯಲ್ಲಿ ಎಲೆಯ ತೂಕ ಬರೆಯುತ್ತ ಐವತ್ತು ದಾಟಿದ ನಾನು, ಊಟಿಯ ಬಸ್ಸು ಕಣ್ಣೆದುರೇ ಹೊರಟರೂ ಓಡಿದವನಲ್ಲ. ಅಂಥವನು ಹೋದ ವರ್ಷ ಒಂದು ಇಡೀ ಚಳಿಗಾಲ ಬೆಳಕು ಹರಿಯುವ ಮೊದಲೇ ಎದ್ದು ಓಡಿದೆ. ಈಗ ನೆನೆಸಿಕೊಂಡರೆ ನನಗೇ ನಂಬಿಕೆ ಬರುವುದಿಲ್ಲ. ಆದರೆ ಆ ದಿನಗಳು ಮುಗಿದುಹೋದವಲ್ಲ ಎಂಬ ಬೇಸರವೂ ಇದೆ, ಅದನ್ನು ಯಾರಿಗೂ ಹೇಳಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮಗಳು ಚಿತ್ರಾ. ಊಟಿಯ ಶಾಲೆಯಲ್ಲಿ ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ, ಓದುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದವಳೇ, ಕೆಳಗೆ ಬಯಲಿನಲ್ಲಿ ಒಂದು ಸೇನಾ ಅಕಾಡೆಮಿ ಇದೆ, ಬೇಸಿಗೆ ರಜೆಯಲ್ಲಿ ಶಾಲೆಯ ಮಕ್ಕಳನ್ನು ಆರಿಸಿ ಕೆಲವು ವಾರ ಕೆಡೆಟ್‌ಗಳ ಹಾಗೆಯೇ ಇಟ್ಟುಕೊಂಡು ತರಬೇತಿ ಕೊಡುತ್ತಾರೆ, ತಾನು ಅರ್ಜಿ ಹಾಕುತ್ತೇನೆ ಎಂದಳು. ಯಾಕೆ ಬರಬೇಕೆಂದಿದ್ದೀಯೆ ಎಂದು ಒಂದು ಪ್ರಬಂಧ ಬರೆದು ಕಳಿಸಬೇಕಂತೆ. ಅದು ಒಪ್ಪಿಗೆಯಾದರೆ ಕೊಯಮತ್ತೂರಿನಲ್ಲಿ ಓಟದ ಪರೀಕ್ಷೆ, ಆಮೇಲೆ ಸಂದರ್ಶನ. ನನ್ನ ತಾಯಿಗೆ, ಅಂದರೆ ಚಿತ್ರಾಳ ಹೆತ್ತೆಗೆ (ನಮ್ಮ ಬಡಗ ಮಾತಿನಲ್ಲಿ ಅಜ್ಜಿಯನ್ನು ಹಾಗೆನ್ನುತ್ತೇವೆ), ಇದರಲ್ಲಿ ಒಂದೇ ಸಂದೇಹವಿತ್ತು: ಅಷ್ಟು ಸೆಖೆಯ ಊರಿನಲ್ಲಿ ಕೂಸು ರಾತ್ರಿ ಏನು ಹೊದ್ದುಕೊಳ್ಳುತ್ತದೆ? ಸೆಖೆಯಲ್ಲಿ ಹೊದೆಯುವುದೇ ಬೇಡ ಎಂದರೆ ಅವಳಿಗೆ ಅರ್ಥವಾಗಲಿಲ್ಲ. ಹುಟ್ಟಿದಾಗಿನಿಂದ ಕಂಬಳಿಯಿಲ್ಲದ ರಾತ್ರಿಯನ್ನು ಅವಳು ಕಂಡಿಲ್ಲ.

ಪ್ರಬಂಧ ಎಂದ ಕೂಡಲೇ ನಾನು ಕನ್ನಡಕ ಒರೆಸಿಕೊಂಡು ಮುಂದೆ ಬಂದೆ. ಫ್ಯಾಕ್ಟರಿಯಲ್ಲಿ ಮೇಲಿನವರಿಗೆ ಹೋಗುವ ಅರ್ಜಿಗಳನ್ನೆಲ್ಲ ಬರೆಯುವವನು ನಾನು. ತಾಯ್ನಾಡು, ತ್ಯಾಗ, ಹಿಮಾಲಯದ ಗಡಿ ಎಲ್ಲವನ್ನೂ ಸೇರಿಸಿ ಒಂದು ಭಾನುವಾರ ಪೂರ್ತಿ ಕೂತು ಬರೆದುಕೊಟ್ಟೆ. ಚಿತ್ರಾ ನಿಂತಲ್ಲೇ ಓದಿ, “ಅಪ್ಪ, ಇದು ಆಗಸ್ಟ್ ಹದಿನೈದಕ್ಕೆ ಪಂಚಾಯ್ತಿ ಪ್ರೆಸಿಡೆಂಟ್ ಓದುವ ಭಾಷಣ” ಎಂದು ಹಿಂದಕ್ಕೆ ಕೊಟ್ಟಳು. ಕೊನೆಗೆ ಅವಳೇ ಇಂಗ್ಲಿಷಿನಲ್ಲಿ ಬರೆದು ನನಗೆ ಕಾಮಾ ನೋಡುವ ಕೆಲಸ ಕೊಟ್ಟಳು. ನಾನು ಎರಡು ಕಾಮಾ ಹಾಕಿದೆ. ಅವಳು ಅವೆರಡನ್ನೂ ತೆಗೆದು ಕಳಿಸಿದಳು. ಪ್ರಬಂಧ ಒಪ್ಪಿಗೆಯಾಯಿತು.

ನಿಜವಾದ ಅಡ್ಡಿ ಬಂದದ್ದು ಓಟದ ಅಭ್ಯಾಸಕ್ಕೆ. ಶಾಲೆಯ ಬಸ್ಸು ಬೆಳಗ್ಗೆಯೇ ಹೊರಡುವುದರಿಂದ ಅದಕ್ಕೂ ಮೊದಲೇ, ಕತ್ತಲಿರುವಾಗಲೇ ಓಡಬೇಕು. ನನ್ನ ಹೆಂಡತಿ ಲಕ್ಷ್ಮಿಗೆ ಮಗಳು ಸೇನೆಗೆ ಹೋಗುವುದರಲ್ಲಿ ತಕರಾರಿಲ್ಲ. ಅವಳ ತಕರಾರೆಲ್ಲ ಟೀ ತೋಟದ ರಸ್ತೆಗೆ ನೀರು ಕುಡಿಯಲು ಇಳಿಯುವ ಕಾಡೆಮ್ಮೆಗಳ ಬಗ್ಗೆ. ಅವು ನಮ್ಮ ಎಮ್ಮೆಗಳಂತಲ್ಲ. ಒಂದೊಂದೂ ಜೀಪಿನಷ್ಟು ಎತ್ತರ, ಕಾಲಿಗೆ ಬಿಳಿ ಕಾಲುಚೀಲ ಹಾಕಿಕೊಂಡ ಹಾಗೆ ಇರುತ್ತವೆ, ದಾರಿ ಬಿಡುವುದು ತಮ್ಮ ಕೆಲಸವಲ್ಲ ಎಂದುಕೊಂಡಿರುತ್ತವೆ. ಲಕ್ಷ್ಮಿ ಸ್ವಲ್ಪ ಯೋಚಿಸಿ, “ಅಪ್ಪನೂ ಜೊತೆಯಲ್ಲಿ ಓಡುವುದಾದರೆ ಓಡಲಿ” ಎಂದು ತೀರ್ಪು ಕೊಟ್ಟಳು. ಇಷ್ಟು ವರ್ಷ ನನ್ನ ಜೊತೆ ಬಾಳಿದವಳು. ಅಲ್ಲಿಗೆ ಈ ಮಾತು ಮುಗಿಯಿತೆಂದೇ ಅವಳ ಲೆಕ್ಕ. ಚಿತ್ರಾ ನನ್ನ ಮುಖ ನೋಡಿದಳು. ಆ ನೋಟಕ್ಕೆ ಇಲ್ಲವೆನ್ನಲು ಬರಲಿಲ್ಲ. ಆಗಲಿ ಎಂದುಬಿಟ್ಟೆ.

ಮೊದಲ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗೆ ಬಿದ್ದಿತ್ತು. ನಾನು ಎರಡು ಸ್ವೆಟರ್, ಮಂಕಿ ಕ್ಯಾಪ್, ಅದರ ಮೇಲೊಂದು ಮಫ್ಲರ್ ಹಾಕಿಕೊಂಡು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು ಹಿಡಿದು ಹೊರಟೆ. “ಓಡೋಕೆ ಹೊರಟಿದ್ದೀಯೋ, ಹಸು ಹುಡುಕೋಕೋ?” ಎಂದಳು ಚಿತ್ರಾ. ಹಟ್ಟಿಯ ಸಾಲುಮನೆಗಳ ಮುಂದೆ ನಮ್ಮ ಬೂಟಿನ ಸದ್ದು ಎದ್ದದ್ದೇ ತಡ, ಕೊನೆಯ ಮನೆಯ ಬಾಗಿಲು ತೆರೆಯಿತು. ಸೇನೆಯಿಂದ ನಿವೃತ್ತಿಯಾಗಿ ಬಂದಿರುವ ಭೋಜನ್ ಮಾವನ ಮನೆ ಅದು. ನಮ್ಮಲ್ಲಿ ಆ ಹೊತ್ತಿನಲ್ಲಿ ಯಾರಾದರೂ ಓಡಿದರೆ ಅದಕ್ಕೆ ಅರ್ಥ ಒಂದೇ. ಮಾವ ಆಗಲೇ ತಲೆಗೆ ಬಿಳಿ ರುಮಾಲು ಸುತ್ತಿಕೊಂಡು, ಹೆಗಲಿಗೆ ದುಪ್ಪಟಿ ಹಾಕಿಕೊಂಡು, ಸಾವಿನ ಮನೆಗೆ ಹೊರಡಲು ಸಿದ್ಧನಾಗಿ ನಿಂತಿದ್ದ. ಮೆಲ್ಲಗೆ, ದುಃಖದ ದನಿಯಲ್ಲಿ, “ಯಾರು ಹೋದರು?” ಎಂದು ಕೇಳಿದ. ಯಾರೂ ಹೋಗಿಲ್ಲ, ನಾವೇ ಹೋಗುತ್ತಿದ್ದೇವೆ ಎಂದೆ. ವಿಷಯ ತಿಳಿದ ಮೇಲೂ ಮಾವ ರುಮಾಲು ಬಿಚ್ಚಲಿಲ್ಲ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಇರಲಿ, ನಿಧಾನವಾಗಿ ಓಡು, ನಾನು ಎದ್ದೇ ಇರುತ್ತೇನೆ ಎಂದ.

ಮೊದಮೊದಲು ಫ್ಯಾಕ್ಟರಿಯ ತಿರುವಿನವರೆಗೂ ನನ್ನ ಕೈಲಾಗುತ್ತಿರಲಿಲ್ಲ. ಚಿತ್ರಾ ಮುಂದೆ ಹೋಗುವಳು, ಹಿಂದಿರುಗಿ ನನ್ನ ಬಳಿಗೆ ಬರುವಳು, ಮತ್ತೆ ಹೋಗುವಳು. ಹೀಗೆ ಅವಳಿಗೆ ದುಪ್ಪಟ್ಟು ಅಭ್ಯಾಸವಾಗುತ್ತಿದ್ದದ್ದು ನನ್ನ ಕೊಡುಗೆಯೆಂದೇ ತಿಳಿದಿದ್ದೇನೆ. ತಿರುವಿನ ಮೋರಿಯ ಮೇಲೆ ಕೂತು ಉಸಿರು ಹುಡುಕಿಕೊಳ್ಳುವಾಗ ಕಣಿವೆಯಲ್ಲಿ ಮಂಜು ಹಾಲು ಉಕ್ಕಿದಂತೆ ಏರಿಬರುತ್ತಿತ್ತು, ಎದುರು ಗುಡ್ಡದ ಹಟ್ಟಿಯಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಎಷ್ಟೋ ವರ್ಷಗಳಿಂದ ನಾವಿಬ್ಬರೂ ಅಷ್ಟು ಹೊತ್ತು ಸುಮ್ಮನೆ ಕೂತಿರಲಿಲ್ಲ. ಒಂದು ದಿನ ಅವಳು, ನೀನು ನನ್ನ ವಯಸ್ಸಿನಲ್ಲಿ ಓಡುತ್ತಿರಲಿಲ್ಲವಾ ಎಂದು ಕೇಳಿದಳು. ಆಗ ನನಗೆ ನನ್ನ ಅಪ್ಪನ ನೆನಪಾಯಿತು.

ಪ್ಲಸ್ ಟೂ ಮುಗಿಸಿದ ವರ್ಷ ನಾನೂ ಸೇನೆಗೆ ಸೇರಲು ಹೋಗಿದ್ದೆ. ಊಟಿಯ ಮೈದಾನದಲ್ಲಿ ಭರ್ತಿ. ಅಪ್ಪ ತಾನೇ ಕರೆದುಕೊಂಡು ಹೋದ. ನಾನಾಗ ಕಡ್ಡಿಯಂತಿದ್ದೆ. ತೂಕ ಸಾಲದೆಂದು ಯಾರೋ ಹೇಳಿಕೊಟ್ಟದ್ದನ್ನು ನಂಬಿ, ತೂಕಕ್ಕೆ ನಿಲ್ಲುವ ಮೊದಲು ಬಾಳೆಹಣ್ಣು ತಿನ್ನಬೇಕೆಂದು ಒಂದು ಚಿಪ್ಪು ಪೂರ್ತಿ ಮುಗಿಸಿ, ಮೇಲೆ ಹೊಟ್ಟೆ ತುಂಬ ನೀರು ಕುಡಿದೆ. ಮೊದಲು ಓಡಿಸಿ ಆಮೇಲೆ ತೂಕ ನೋಡುತ್ತಾರೆಂದು ಹೇಳಿಕೊಟ್ಟವನಿಗೆ ಗೊತ್ತಿರಲಿಲ್ಲ. ಮೊದಲ ಸುತ್ತು ಹೇಗೋ ಆಯಿತು. ಎರಡನೆಯದರಲ್ಲಿ ಬಾಳೆಹಣ್ಣುಗಳು ತಾವು ಸೇನೆಗೆ ಬರುವುದಿಲ್ಲವೆಂದು ಎಲ್ಲರೆದುರು ಹೊರಬಂದವು. ಬೇಲಿಯ ಆಚೆ ನಿಂತಿದ್ದ ಅಪ್ಪ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಬಿಸಿ ಟೀ, ಜೊತೆಗೆ ಗರಿಗರಿ ವರ್ಕಿ ಬಿಸ್ಕತ್ತು ಕೊಡಿಸಿ, “ಹೊಟ್ಟೆ ಖಾಲಿಯಾಗಿದೆ, ತಿನ್ನು” ಎಂದ. ಅಷ್ಟೇ. ಊರಿನಲ್ಲಿ ಯಾರಾದರೂ ಕೇಳಿದರೆ, ನನ್ನ ಮಗ ಓಡುತ್ತಲೇ ಇದ್ದ, ಅವರೇ ನಿಲ್ಲಿಸಿಬಿಟ್ಟರು ಎನ್ನುತ್ತಿದ್ದ. ಅವನು ತೀರಿಕೊಂಡು ಬಹಳ ಕಾಲವಾಯಿತು. ಇದನ್ನು ಹೇಳಿ ಮುಗಿಸುವಾಗ ಚಿತ್ರಾ ಹೊಟ್ಟೆ ಹಿಡಿದು ನಗುತ್ತಿದ್ದಳು. ನಗು ನಿಂತ ಮೇಲೆ ನನ್ನ ಮಫ್ಲರ್ ಸರಿಮಾಡಿ, ಸ್ವಲ್ಪ ಹೊತ್ತು ಕೂತಿರು, ಅವಸರವಿಲ್ಲ ಎಂದಳು.

ಸಂಜೆಗಳಲ್ಲಿ ಭೋಜನ್ ಮಾವ ಸಂದರ್ಶನದ ಅಭ್ಯಾಸ ಮಾಡಿಸಲು ಬರುತ್ತಿದ್ದ. ನಮ್ಮ ಮನೆಯ ಒಳ್ಳೆಯ ಕುರ್ಚಿಯಲ್ಲಿ ಕರ್ನಲ್ ಆಗಿ ಕೂತು, ಸೇನೆಗೆ ಯಾಕೆ ಬರಬೇಕೆಂದಿದ್ದೀಯೆ ಎಂದು ಗುಡುಗುತ್ತಿದ್ದ. ಅವನು ಸೇನೆಯಲ್ಲಿದ್ದದ್ದು ಬ್ಯಾಂಡಿನಲ್ಲಿ, ಡೋಲು ಬಾರಿಸುತ್ತಿದ್ದ. ಹೀಗಾಗಿ ಅವಳು ಉತ್ತರ ಶುರುಮಾಡಿದ ಕೂಡಲೇ ಅವನ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಿಡಿಯುತ್ತಿತ್ತು. ತಾಳಕ್ಕೆ ತಕ್ಕಂತೆ ಅವಳ ಇಂಗ್ಲಿಷೂ ಮಾರ್ಚ್ ಮಾಡತೊಡಗುತ್ತಿತ್ತು. ಅಷ್ಟರಲ್ಲಿ ನನ್ನ ತಾಯಿ, ಕರ್ನಲ್ಲಿಗೆ ಟೀಗೆ ಸಕ್ಕರೆ ಹಾಕಬಹುದೋ ಇಲ್ಲವೋ ಎಂದು ಒಳಗಿನಿಂದ ಕೇಳುವಳು. ಹೆಂಡತಿ ಜೊತೆಗೆ ಬಂದ ದಿನ ಮಾವ ಹಾಕಬೇಡ ಎನ್ನುವನು, ಅವಳಿಲ್ಲದ ದಿನ ಹಾಕು ಎನ್ನುವನು.

ಇನ್ನು ಆ ಕಾಡೆಮ್ಮೆಯ ವಿಷಯ. ಹೇಳದೆ ಬಿಡೋಣವೆಂದಿದ್ದೆ, ಆದರೆ ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಪರೀಕ್ಷೆಗೆ ಇನ್ನು ಕೆಲವೇ ದಿನಗಳಿದ್ದವು. ದಟ್ಟ ಮಂಜು. ಚಿತ್ರಾ ಮುಂದೆ, ನಾನು ಹಿಂದೆ, ಫ್ಯಾಕ್ಟರಿಯ ಕಡೆಗೆ ಇಳಿಯುತ್ತಿದ್ದೆವು. ತೋಟದೊಳಗಿಂದ ಕಪ್ಪು ಗೋಡೆಯಂಥದೊಂದು ರಸ್ತೆಯ ಅಂಚಿಗೆ ಬಂದು ನಿಂತಿತು. ಅವಳಿಗೂ ಅದಕ್ಕೂ ನಡುವೆ ಒಂದು ಬಸ್ಸಿನಷ್ಟು ಜಾಗವಿತ್ತು. ಅದರ ಮೂಗಿನಿಂದ ಹಬೆ ಬರುತ್ತಿದ್ದುದು ಕಂಡಿತು. ಚಿತ್ರಾ ಇದ್ದಲ್ಲೇ ನಿಂತಳು. ಕಾಡೆಮ್ಮೆ ಕಂಡರೆ ಓಡಬಾರದು, ಬೆನ್ನು ತಿರುಗಿಸಬಾರದು, ಮೆಲ್ಲಗೆ ಹಿಂದೆ ಸರಿಯಬೇಕು ಎಂದು ನಮ್ಮಲ್ಲಿ ಎಲ್ಲ ಮಕ್ಕಳಿಗೂ ಹೇಳಿಕೊಡುತ್ತೇವೆ. ಅವಳಿಗೆ ಹೇಳಿಕೊಟ್ಟವನು ನಾನೇ. ಅವಳು ಹಾಗೆಯೇ ಒಂದೊಂದು ಹೆಜ್ಜೆ ಹಿಂದೆ ಸರಿದಳು. ನಾನು ಏನು ಮಾಡಿದೆನೆಂದು ಆಮೇಲೆ ತಿಳಿಯಿತು: ಪಕ್ಕದ ಒಳದಾರಿಗೆ ಧುಮುಕಿ, ಟೀ ಗಿಡಗಳ ನಡುವೆ ನುಗ್ಗಿ, ಫ್ಯಾಕ್ಟರಿಯ ಅಂಗಳದಲ್ಲಿ ನಿಂತಿದ್ದೆ. ಅದುವರೆಗೆ ಒಂದು ದಿನವೂ ಅವಳಿಗಿಂತ ಮೊದಲು ಅಲ್ಲಿಗೆ ಮುಟ್ಟಿದವನಲ್ಲ. ಮಗಳು ಹಿಂದೆ ಉಳಿದಳೆಂಬುದು ಹೊಳೆದದ್ದು ಅಲ್ಲಿ ನಿಂತ ಮೇಲೆ. ಕೂಡಲೇ ರಸ್ತೆ ಹಿಡಿದು ಮತ್ತೆ ಮೇಲಕ್ಕೆ ಓಡಿದೆ. ಅವಳು ಎದುರಿಗೆ ನಡೆದುಕೊಂಡು ಬರುತ್ತಿದ್ದಳು. ಹೋಯಿತು ಅಪ್ಪ, ತೋಟದೊಳಗೆ ಹೋಯಿತು ಎಂದಳು. ನಾನು ಅವಳ ಕೈ ಹಿಡಿದುಕೊಂಡವನು ಮನೆಯವರೆಗೂ ಬಿಡಲಿಲ್ಲ.

ಮನೆಯಲ್ಲಿ ಅವಳು ತಾಯಿಗೆ ಹೇಳಿದ್ದು ಇಷ್ಟೇ: “ಇವತ್ತು ಅಪ್ಪ ಬಹಳ ಚೆನ್ನಾಗಿ ಓಡಿದ.” ಆದರೆ ಫ್ಯಾಕ್ಟರಿಯ ವಾಚ್‌ಮನ್ ಕಂಡದ್ದು ಮಧ್ಯಾಹ್ನದೊಳಗೆ ಹಟ್ಟಿಗೆಲ್ಲ ಮುಟ್ಟುತ್ತದೆ. ಊಟಕ್ಕೆ ಬಡಿಸುವಾಗ ಲಕ್ಷ್ಮಿ, ನಿಮಗೆ ಸುಸ್ತಾಗಿರಬೇಕು, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ ಎಂದಳು.

ಕೊಯಮತ್ತೂರಿನ ಪರೀಕ್ಷೆಗೆ ನಾನೇ ಕರೆದುಕೊಂಡು ಹೋದೆ. ಸಮತಟ್ಟಾದ ನೆಲದ ಮೇಲೆ ಅವಳು ಓಡಿದ್ದನ್ನು ನೋಡಿದರೆ, ಕಟ್ಟಿಹಾಕಿದ್ದ ಕರುವನ್ನು ಬಿಚ್ಚಿದ ಹಾಗಿತ್ತು. ಸಂದರ್ಶನಕ್ಕೆ ಒಳಗೆ ಹೋದಾಗ ಹೊರಗೆ ಬೇವಿನ ಮರದಡಿ ಬೆವರುತ್ತ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹಲವರು ಜೋರಾಗಿ ನಕ್ಕದ್ದು ಕೇಳಿಸಿತು. ನನಗೆ ಗಾಬರಿಯಾಯಿತು. ಊಟಿಗೆ ಬಸ್ಸು ಹತ್ತಿ, ಘಾಟಿಯ ತಂಪು ಗಾಳಿ ಮುಖಕ್ಕೆ ಬಡಿಯತೊಡಗಿದ ಮೇಲೆ ಅವಳೇ ಬಾಯಿ ಬಿಟ್ಟಳು. ಯಾವಾಗಲಾದರೂ ತುಂಬ ಹೆದರಿದ್ದುಂಟಾ, ಆಗ ಏನು ಮಾಡಿದೆ ಎಂದು ಕೇಳಿದರಂತೆ. ಇವಳು ಕಾಡೆಮ್ಮೆಯ ಕಥೆ ಹೇಳಿದಳಂತೆ. ಜೊತೆಯಲ್ಲಿದ್ದ ನಿನ್ನ ತಂದೆ ಏನು ಮಾಡಿದರು ಎಂದು ಅಲ್ಲಿದ್ದ ಹಿರಿಯ ಅಧಿಕಾರಿ ಕೇಳಿದರಂತೆ.

“ಏನಂದೆ?” ಎಂದೆ.

“ಸಹಾಯ ಕರೆತರೋಕೆ ಓಡಿದರು ಅಂದೆ.”

“ನಂಬಿದರಾ?”

“ಇಲ್ಲ” ಎಂದಳು. ಆಮೇಲೆ ನನ್ನ ಹೆಗಲಿಗೆ ತಲೆಯಿಟ್ಟು ಕೂನೂರಿನವರೆಗೂ ನಿದ್ದೆ ಮಾಡಿದಳು. ನಾನು ಹೆಗಲು ಅಲುಗಿಸಲಿಲ್ಲ.

ಅವಳು ಆಯ್ಕೆಯಾದಳು. ಮೇ ತಿಂಗಳಲ್ಲಿ ಹೋದಳು, ಹೆತ್ತೆ ಒತ್ತಾಯದಿಂದ ಕೊಟ್ಟ ಕಂಬಳಿಯನ್ನೂ ಹೊತ್ತುಕೊಂಡು. ತಿರುಗಿ ಬರುವಾಗ ಕಪ್ಪಾಗಿದ್ದಳು, ಕೂದಲು ಗಿಡ್ಡವಾಗಿತ್ತು. ಪ್ಲಸ್ ಟೂ ಆದ ಮೇಲೆ ಸೇನೆಯ ದೊಡ್ಡ ಪರೀಕ್ಷೆಯನ್ನೇ ಬರೆಯುತ್ತೇನೆ, ನಾಳೆಯಿಂದಲೇ ಅಭ್ಯಾಸ ಎಂದಳು. ನಾನು ಅಟ್ಟದ ಮೇಲಿಂದ ಬೂಟು ಇಳಿಸಿ ಧೂಳು ಒರೆಸುತ್ತಿದ್ದೆ. ಅವಳು ಸ್ವಲ್ಪ ಸಂಕೋಚದಿಂದ, ನೀನು ಬರಬೇಕಾಗಿಲ್ಲ ಅಪ್ಪ, ಹಟ್ಟಿಯ ಬೇರೆ ಹುಡುಗಿಯರೂ ಓಡೋಕೆ ಬರುತ್ತಾರಂತೆ, ಜೊತೆಗೆ ಅಮ್ಮ ಬರುತ್ತಾಳೆ ಎಂದಳು. ನಾನು ಲಕ್ಷ್ಮಿಯ ಕಡೆ ನೋಡಿದೆ. ಸಕ್ಕರೆ ಕಾಯಿಲೆಯ ಡಾಕ್ಟರು ತನಗೂ ಬೆಳಗ್ಗೆ ನಡೆಯಲು ಹೇಳಿದ್ದಾರೆಂದು ಅವಳು ಗೋಡೆಯ ಕಡೆ ನೋಡುತ್ತ ಹೇಳಿದಳು. ಕಾವಲಿಗೆ ಸ್ವಲ್ಪ ನಂಬಿಕೆಯ ಜನ ಬೇಕು ಎಂದು ಅವಳು ಅನ್ನಲಿಲ್ಲ. ಅಷ್ಟು ದಯೆ ಅವಳಿಗಿದೆ.

ಹೀಗೆ ನನ್ನ ಬೆಳಗಿನ ಹಾಸಿಗೆ ನನಗೆ ವಾಪಸ್ಸು ಸಿಕ್ಕಿದೆ. ನಿದ್ದೆ ಮಾತ್ರ ಸಿಕ್ಕಿಲ್ಲ. ಅವರು ಬಾಗಿಲು ಮುಂದೆ ಎಳೆದುಕೊಂಡು ಹೋದ ಸದ್ದಾದ ಕೂಡಲೇ ಎಚ್ಚರವಾಗುತ್ತದೆ. ಸ್ವಲ್ಪ ಹೊತ್ತು ಕಿವಿಗೊಟ್ಟು ಮಲಗಿರುತ್ತೇನೆ. ಹುಡುಗಿಯರ ನಗು ಇಳಿಜಾರಿನಲ್ಲಿ ದೂರವಾಗುತ್ತದೆ. ಎದ್ದು ಒಲೆ ಹಚ್ಚಿ ಟೀಗೆ ನೀರಿಡುತ್ತೇನೆ. ಅವರೆಲ್ಲ ಕೆಂಪು ಮುಖ ಹೊತ್ತು, ಬಾಯಿಂದ ಹಬೆ ಬಿಡುತ್ತ, ಅಡುಗೆಮನೆಗೆ ನುಗ್ಗುವಾಗ ಲೋಟಗಳು ಸಾಲಾಗಿ ಕಾಯುತ್ತಿರುತ್ತವೆ. “ಇಷ್ಟು ಬೇಗ ಯಾಕೆ ಎದ್ದಿರಿ, ಮಲಗಿರಬಾರದಿತ್ತಾ?” ಎಂದು ಲಕ್ಷ್ಮಿ ದಿನವೂ ಕೇಳುತ್ತಾಳೆ. ಕೇಳುವಾಗ ಮೊದಲ ಲೋಟ ಖಾಲಿಯಾಗಿ, ಅವಳ ಕೈ ಎರಡನೆಯ ಲೋಟದ ಮೇಲಿರುತ್ತದೆ.