ಬಚ್ಚಲೊಲೆಯಲ್ಲಿ ಬೆಂದ ಕೋವಿ

"ನೀನು ಉಕ್ಕಿನ ಮೇಲೆ ಬಳ್ಳಿ ಬಿಡ್ಸೋದೂ ಒಂದೇ, ನಿನ್ನ ಅಣ್ಣನ ಮಗ ಬಿ.ಎ. ಮಾಡೋದೂ ಒಂದೇ. ಎರಡೂ ಆಗೋ ಮಾತಲ್ಲ!"

ನಮ್ಮ ಚಿಕ್ಕಪ್ಪನಿಗೆ ಹೀಗೆಂದವರು ನಿಟ್ಟೂರಿನ ಒಬ್ಬ ಯಜಮಾನರು. ಕೋವಿ ಇಟ್ಟುಕೊಂಡವರಲ್ಲವೇ, ಒಂದೇ ಈಡಿಗೆ ಚಿಕ್ಕಪ್ಪನನ್ನೂ ನನ್ನನ್ನೂ ಉರುಳಿಸಿದರು!

ಸಾಗರದ ಪೇಟೆಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಚಿಕ್ಕಪ್ಪನ ಕಸುಬು. ಆ ಕಾಲದಲ್ಲಿ ಮದುವೆಗೆ ಒಂದು ಚೊಂಬು ಕೊಟ್ಟರೂ ಕೊಟ್ಟವರ ಹೆಸರಿಲ್ಲದೆ ಕೊಟ್ಟದ್ದುಂಟೇ? ಅವನು ಓದಿದ್ದು ಎರಡನೇ ಕ್ಲಾಸು. ಇಂಗ್ಲಿಷಂತೂ ಒಂದಕ್ಷರ ಬಾರದು. ಆದರೆ ಚೀಟಿಯಲ್ಲಿ ಬರೆದುಕೊಟ್ಟರೆ ಬರೆದವರಿಗಿಂತ ಅಂದವಾಗಿ ಕೊರೆಯುತ್ತಿದ್ದ. ಅವನ ಮನೆಯಲ್ಲಿದ್ದು ಓದುತ್ತಿದ್ದ ನಾನೇ ಚೀಟಿಯ ಗುಮಾಸ್ತ.

ನಿಟ್ಟೂರಿಗೆ ಪಾತ್ರೆ ಕೊಡಲು ಹೋದ ಚಿಕ್ಕಪ್ಪ ಯಜಮಾನರ ವಿಲಾಯತಿ ಕೋವಿಯ ಮೇಲೆ ಕೊರೆದಿದ್ದ ಬಳ್ಳಿ ಕಂಡು ಮರುಳಾಗಿಬಿಟ್ಟ. ಅವರ ಇನ್ನೊಂದು ಕೋವಿ ಬೋಳು. "ಅದಕ್ಕೂ ನಾನು ಬಳ್ಳಿ ಹಬ್ಬಿಸ್ತೀನಿ" ಎಂದಾಗಲೇ ಆ ಈಡು ಹಾರಿದ್ದು. ಕೊನೆಗೆ, "ತಪ್ಪಿಲ್ಲದ ಒಂದು ತುಂಡು ಮಾಡಿ ತೋರ್ಸು, ಕೋವಿ ಕೊಡ್ತೀನಿ" ಎಂದರಂತೆ.

ಸರಿ, ಕೈ ಪಳಗಿಸಲು ಅಗ್ಗದ ಕೋವಿಯನ್ನು ಎಲ್ಲಿಂದ ತರುವುದು? ತೀರ್ಥಹಳ್ಳಿಯ ಕೋವಿ ರಿಪೇರಿಯ ಮುದುಕರ ಮುಂದೆ ಹೋಗಿ ನಿಂತ.

"ಸತ್ತ ಕೋವಿ ಯಾವ್ದಾದ್ರೂ ಉಂಟಾ?"

"ಹೆಣ ಹೊರೋಕೆ ಬಂದ್ಯಾ ಮಾರಾಯ?"

ಕೋವಿಯ ಪಕ್ಕಕ್ಕೆ ಕೂರಿಸುವ ತುಕ್ಕು ಹಿಡಿದ ತಗಡು, ಬೆರಳಲ್ಲಿ ಎಳೆಯುವ ಮುರಿದ ಕುದುರೆ, ಅದರ ಸುತ್ತಿನ ಬಾಗಿದ ಬಳೆ, ಎಲ್ಲ ಒಂದು ಚೀಲ ಸಿಕ್ಕಿತು. ಬದಲಿಗೆ ಮುದುಕರ ಮನೆಯ ಪಾತ್ರೆಗಳಿಗೆಲ್ಲ ಹೆಸರು ಕೊರೆದುಕೊಟ್ಟ, ಸೌಟನ್ನೂ ಬಿಡದೆ!

ಹಿಂದಿರುಗುವಾಗ ಹೊಸನಗರದಲ್ಲಿ ಬಸ್ಸು ಹತ್ತಿದ ಪೊಲೀಸಪ್ಪನ ಕಾಲಿಗೆ ಚೀಲ ತಗುಲಿ ಠಣ್ ಎಂದಿತು.

"ಎಂತದಯ್ಯಾ ಇದು?"

"ಕೋವಿ, ಸ್ವಾಮಿ."

ಇಡೀ ಬಸ್ಸು ಒಂದು ಮಗ್ಗುಲಿಗೆ ಸರಿಯಿತು.

"ಗುಂಡು ಎಲ್ಲಿ?"

"ಗುಂಡು ಎಂತಕ್ಕೆ? ನಾನು ಹೂ ಬಿಡ್ಸೋನು!"

ನಂಬುವುದು ಹೇಗೆ? ಚಿಕ್ಕಪ್ಪ ಉಳಿ ತೆಗೆದು ಪೊಲೀಸಪ್ಪನ ಹಿತ್ತಾಳೆ ಸೀಟಿಯ ಮೇಲೆ ಅಲ್ಲೇ ಒಂದು ಮಲ್ಲಿಗೆ ಅರಳಿಸಿದ. ಸಾಗರ ತಲುಪುವವರೆಗೂ ಆತ ಸೀಟಿಯನ್ನು ಊದಲಿಲ್ಲ, ನೋಡುತ್ತಲೇ ಕೂತಿದ್ದ.

ಆದರೆ ಉಕ್ಕು ಹಿತ್ತಾಳೆಯೇ? ಮೊದಲ ದಿನವೇ ಮೂರು ಉಳಿಗಳ ಮೂತಿ ಮುರಿಯಿತು. "ಕೆಂಡದಲ್ಲಿ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತಿಡು, ಮೆತ್ತಗಾಗ್ತದೆ" ಎಂದು ಮುದುಕರು ಹೇಳಿಕಳಿಸಿದರು. ಅಂದಿನಿಂದ ನಮ್ಮ ಬಚ್ಚಲೊಲೆ ಕೋವಿಗಳ ಪಾಲಾಯಿತು. ಬೂದಿ ಬಾಚುವಾಗ ಚಿಕ್ಕಮ್ಮ ಕೂಗುತ್ತಿದ್ದಳು: "ಬೇರೆಯವ್ರ ಮನೇಲಿ ಗೆಣಸು ಸುಡ್ತಾರೆ, ನಮ್ಮನೇಲಿ ಕೋವಿ! ಬೆಂದಿದ್ಯಾ ನೋಡ್ಕೊಳ್ಳಿ, ಬಡಿಸ್ತೀನಿ!"

ಬಳ್ಳಿಯ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, ಮದುವೆಯ ಚೊಂಬೊಂದರ ಮೇಲೆ ಹೆಸರಿಗೇ ಜಾಗ ಉಳಿಯಲಿಲ್ಲ. "ನನ್ನ ಹೆಸರೆಲ್ಲಿ?" ಎಂದ ಗಿರಾಕಿಗೆ ಚಿಕ್ಕಪ್ಪ ಚೊಂಬು ಬೋರಲು ಹಾಕಿ ತೋರಿಸಿದ. ತಳದಲ್ಲಿತ್ತು!

ನಾನು ಶಿವಮೊಗ್ಗೆಯ ಕಾಲೇಜು ಸೇರಿದೆ. ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದೆ, "ಆ ತುಂಡು ಆಯ್ತಾ ಚಿಕ್ಕಪ್ಪಾ?"

"ಆಗಿದೆ. ತಪ್ಪಿದ್ಯೋ ಇಲ್ವೋ ಗೊತ್ತಿಲ್ಲ."

ತಾನೇ ಮಾಡಿದ್ದರಲ್ಲಿ ತಪ್ಪಿದೆಯೋ ಇಲ್ಲವೋ ತಿಳಿಯದ ಕಸುಬುದಾರನನ್ನು ಎಲ್ಲಾದರೂ ಕಂಡಿದ್ದೀರಾ? ಮೂರು ವರ್ಷವೂ ಇದೇ ಉತ್ತರ. ಯಜಮಾನರು ಹೇಳಿದ್ದೇ ನಿಜವಾಯಿತೆಂದು ಪೇಟೆಯಲ್ಲಿ ನಕ್ಕರು.

ನಮ್ಮ ಕುಲದಲ್ಲಿ ಮೊದಲ ಬಿ.ಎ. ನಾನು. ಸುಲಭಕ್ಕೆ ಬಂದದ್ದಲ್ಲ. ಸರ್ಟಿಫಿಕೇಟು ಬಂದ ದಿನ ಅದನ್ನು ಚಿಕ್ಕಪ್ಪನ ಕೈಗೇ ಕೊಟ್ಟೆ. ಅಂಗೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು ಹಿಡಿದ. ಇಂಗ್ಲಿಷ್ ಓದಲು ಬಾರದು. ಬೆರಳಾಡಿಸುತ್ತ ನನ್ನ ಹೆಸರನ್ನು ಹುಡುಕಿದ. ಆಮೇಲೆ ದೇವರ ಗೂಡಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದ.

ಒಳಗೆ ಕೋವಿಯ ಪಕ್ಕದ ತಗಡು, ಕನ್ನಡಿಯಂತೆ ಹೊಳೆಯುತ್ತಿತ್ತು. ಸುತ್ತ ಬಳ್ಳಿ. ನಡುವೆ ಇಂಗ್ಲಿಷಿನಲ್ಲಿ, ನಾನು ಪುಸ್ತಕಗಳ ಮೇಲೆ ಬರೆದುಕೊಳ್ಳುತ್ತಿದ್ದ ಹಾಗೆಯೇ, ನನ್ನ ಹೆಸರು, ಅದರ ಮುಂದೆ ಬಿ.ಎ.!

"ಯಾವಾಗ ಕೊರೆದೆ ಇದನ್ನ?"

"ನೀನು ಕಾಲೇಜಿಗೆ ಹೋದ ವರ್ಷ."

"ನಾನು ಫೇಲಾಗಿದ್ರೆ?"

ಚಿಕ್ಕಪ್ಪ ಸರ್ಟಿಫಿಕೇಟನ್ನೂ ತಗಡನ್ನೂ ಅಕ್ಕಪಕ್ಕ ಇಟ್ಟು, ನನ್ನ ಹೆಸರನ್ನು ಅಕ್ಷರಕ್ಕಕ್ಷರ ತಾಳೆ ನೋಡಿದ.

"ಹಿತ್ತಾಳೆ ಆಗಿದ್ರೆ ತಟ್ಟಿ ಅಳಿಸ್ಬೋದಿತ್ತು ಮಗಾ. ಉಕ್ಕಲ್ಲಿ ಬಿದ್ದಿದ್ದು ಬಿತ್ತು. ಅದಕ್ಕೇ ಯಾರಿಗೂ ತೋರ್ಸಿರ್ಲಿಲ್ಲ. ಈಗ ತಪ್ಪಿಲ್ಲ. ಅಂಗಿ ಹಾಕ್ಕೋ, ನಿಟ್ಟೂರಿಗೆ ಹೋಗಿ ಬರೋಣ."